ಪೀಠದ ಅವಧಿಯನ್ನು ಯಾರು ನಿಗದಿ ಮಾಡಬೇಕು?

ಬೆಂಗಳೂರಿನ ಮೇಯರ್ ಒಂದು ವರ್ಷ ಕೂರಲಿ, ಎರಡೂವರೆ ವರ್ಷ ಕೂರಲಿ, ತೋಟದವರಾದ ನಮಗೇನು ಎಂದು ಕೆಲವು ಸದಸ್ಯ ಬಾಂಧವರು ಕೇಳಬಹುದು. ನಮ್ಮಲ್ಲಿ ಅನೇಕರ ಮಕ್ಕಳು ಸಾರಕ್ಕಿ, ಜೆ.ಪಿ. ನಗರದ ಕಡೆ ಮನೆ ಮಾಡಿದ್ದಾರೆ. ಅವರು ಕಟ್ಟುವ ಮನೆಗಂದಾಯದಲ್ಲಿ ನಮ್ಮ ಅಡಿಕೆಯ ದುಡ್ಡೂ ಇದೆ.

ಸುಮಾರು 82 ಎಕರೆಯ ಸಾರಕ್ಕಿ ಕೆರೆಯ ದೊಡ್ಡ ಒತ್ತುವರಿಯನ್ನು 2015ರ ಏಪ್ರಿಲ್‌ನಲ್ಲಿ ತೆರವು ಮಾಡಲಾಯಿತು. ಅದೇ ವರ್ಷ ಆಯ್ಕೆಯಾದ ಪಾಲಿಕೆ ಐದು ವರ್ಷಗಳಲ್ಲಿ ಐವರು ಮೇಯರುಗಳನ್ನು ಕಂಡಿತು: ಮಂಜುನಾಥ ರೆಡ್ಡಿ, ಪದ್ಮಾವತಿ, ಸಂಪತ್ ರಾಜ್, ಗಂಗಾಂಬಿಕೆ, ಗೌತಮ್ ಕುಮಾರ್. ಇವರ ಯೋಗ್ಯತೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ವರ್ಷಕ್ಕೊಬ್ಬ ರೈಟರನ್ನು ಬದಲಿಸುವ ತೋಟ ಏನಾಗುತ್ತದೆಂದು ನಮಗೆ ಗೊತ್ತು. ಹೊಸಬ ಬ್ಲಾಕುಗಳ ಹೆಸರು ಕಲಿಯುವಷ್ಟರಲ್ಲಿ ಕೊಯ್ಲು ಮುಗಿದಿರುತ್ತದೆ.

2020ರ ಬಿಬಿಎಂಪಿ ಕಾಯ್ದೆ ಈ ಅವಧಿಯನ್ನು 30 ತಿಂಗಳಿಗೆ ಏರಿಸಿತು. ಅದು ಸರಿಯಾದ ಕ್ರಮವೆಂದೇ ನಮ್ಮ ಅಭಿಪ್ರಾಯ. ನಮ್ಮ ತಕರಾರು ಬೇರೆ: ಒಂದು ವರ್ಷವೆಂದು ಗೊತ್ತುಮಾಡಿದಾಗಲೂ, ಎರಡೂವರೆ ಎಂದು ತಿದ್ದಿದಾಗಲೂ ಸಾರಕ್ಕಿಯ ಮತದಾರನ ಒಪ್ಪಿಗೆ ಕೇಳಿದವರಿಲ್ಲ. ಎಲ್ಲವೂ ವಿಧಾನಸೌಧದಲ್ಲೇ ತೀರ್ಮಾನವಾಯಿತು. ತಮಾಷೆಯೆಂದರೆ, 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿ ಮುಗಿದ ಮೇಲೆ ಐದು ವರ್ಷ ತುಂಬಿದರೂ ಚುನಾವಣೆಯೇ ನಡೆಯಲಿಲ್ಲ. ಅವಧಿ ಉದ್ದವಾಯಿತು, ಕೂರುವವರೇ ಇಲ್ಲ!

ಅಮೆರಿಕದ ಕೆಲವು ರಾಜ್ಯಗಳಲ್ಲಿ ಇಂಥ ಪ್ರಶ್ನೆಯನ್ನು ಮತಪತ್ರದಲ್ಲೇ ಅಚ್ಚು ಹಾಕಿ ಜನರನ್ನು ಕೇಳುತ್ತಾರೆ. ಕ್ಯಾಲಿಫೋರ್ನಿಯಾದ ಮತದಾರರು 1990ರಲ್ಲಿ ಗವರ್ನರ್ ಮೊದಲಾದ ಅಧಿಕಾರಿಗಳಿಗೆ ಎರಡೇ ಅವಧಿಯೆಂದು ಕಟ್ಟುಮಾಡಿದರು. ಶಾಸಕರ ಮೇಲೆ ಆಗ ಹಾಕಿದ ಮಿತಿಯನ್ನು 2012ರಲ್ಲಿ ತಾವೇ ತಿದ್ದಿಕೊಂಡರು. ನಾರ್ತ್ ಡಕೋಟಾದವರು ಗವರ್ನರಿಗೆ ಎರಡು ಅವಧಿಯ ಮಿತಿ ಹಾಕಿದ್ದು 2022ರಲ್ಲಿ. ಜನ ಎಡವುವುದೇ ಇಲ್ಲವೆಂದಲ್ಲ, ಎಡವಿದರೆ ಸರಿಪಡಿಸುವ ಅಧಿಕಾರವೂ ಅವರ ಕೈಯಲ್ಲೇ ಇದೆ.

ನಮ್ಮ ಸಂವಿಧಾನದಲ್ಲಿ ಅಂಥ ಮತದಾನಕ್ಕೆ ಏರ್ಪಾಡಿಲ್ಲ, ನಿಜ. ಆದರೆ ಕಾಯ್ದೆ ಮಾಡುವ ಮುನ್ನ ಕರಡನ್ನು ವಾರ್ಡ್ ಸಭೆಗಳ ಮುಂದಿಡಲು ಯಾರ ಅಡ್ಡಿ? ನಮ್ಮ ಸಹಕಾರ ಸಂಘದ ಬೈಲಾದಲ್ಲಿ ಒಂದು ಸಾಲು ತಿದ್ದಬೇಕಾದರೂ ಮಹಾಸಭೆಗೆ ನೋಟೀಸು ಕೊಡುತ್ತೇವೆ. ಎರಡು ಎಕರೆಯ ಸದಸ್ಯನೂ ಎದ್ದು ನಿಂತು ‘ಬೇಡ’ ಎನ್ನುತ್ತಾನೆ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ಸಾರಕ್ಕಿಯಲ್ಲಿರುವ ಅವನ ಮಗನಿಗೆ ಅಷ್ಟೂ ಇಲ್ಲ.