ಅಡಿಗೆಮನೆಯ ಮಾತು: ಬಾಕುವಿನ ರೊಟ್ಟಿ, ತೆಲಿಗಿಯ ಸೊಪ್ಪು

ಸೊಪ್ಪು ಎಂದೊಡನೆ ಮುಖ ತಿರುಗಿಸುವ ಮಕ್ಕಳು ಯಾರ ಮನೆಯಲ್ಲಿಲ್ಲ? ನಮ್ಮ ಮನೆಯಲ್ಲಿಯೂ ಒಬ್ಬಳಿದ್ದಾಳೆ, ವಯಸ್ಸು ಹನ್ನೊಂದು. ಸಾರಿನಲ್ಲಿ ಒಂದು ಎಲೆ ತೇಲಿದರೂ ಅದನ್ನು ಬೆರಳ ತುದಿಯಿಂದ ಎತ್ತಿ ತಟ್ಟೆಯ ಅಂಚಿಗೆ ಅಂಟಿಸಿ, ಏನೂ ಅರಿಯದವಳಂತೆ ಊಟ ಮುಂದುವರಿಸುವುದು ಅವಳ ಪದ್ಧತಿ. ಹೋದ ಮಳೆಗಾಲದಲ್ಲಿ ಮೆಟ್ಟಿಲೇರಿದರೆ ಸಾಕು, ಏದುಸಿರು ಬಿಡತೊಡಗಿದಳು. ವೈದ್ಯರಲ್ಲಿಗೆ ಕರೆದೊಯ್ದೆವು. ರಕ್ತಪರೀಕ್ಷೆಯಲ್ಲಿ ಹನ್ನೊಂದೂವರೆಗೆ ಕಡಿಮೆಯಿರಬಾರದಾದ ಹಿಮೋಗ್ಲೋಬಿನ್ ಒಂಬತ್ತಕ್ಕೆ ಇಳಿದಿತ್ತು. ವೈದ್ಯರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, "ಮಾತ್ರೆ ಮೂರು ತಿಂಗಳು, ಆಮೇಲಿನದೆಲ್ಲ ನಿಮ್ಮ ಅಡಿಗೆಮನೆಯ ಕೆಲಸ" ಎಂದರು.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಮಗಳಿಗೆ ಬುದ್ಧಿ ಹೇಳುವ ತಾಯಿಯೂ ತನ್ನ ತಟ್ಟೆಯನ್ನೊಮ್ಮೆ ನೋಡಿಕೊಳ್ಳಬೇಕಾದ ಸಂಗತಿಯಿದು.

ಅದೇ ದಿನಗಳಲ್ಲಿ ತೆಲಿಗಿಯಿಂದ ನಮ್ಮ ಅತ್ತೆಯವರು ಬಂದಿದ್ದರು. ಹರಪನಹಳ್ಳಿ ತಾಲ್ಲೂಕಿನ ಆ ಊರು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮುಂದೆ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯದಾಯಿತು. ಜಿಲ್ಲೆ ಮೂರು ಬಾರಿ ಬದಲಾದರೂ ಅತ್ತೆಯವರ ಜೋಳದ ರೊಟ್ಟಿ ಬದಲಾಗಲಿಲ್ಲ. ಆದರೆ ಪಟ್ಟಣದ ಮನೆಯಲ್ಲಿ ಅವರಿಗೆ ಮಾಡಲು ಕೆಲಸವಿಲ್ಲ. "ನಾ ಏನು ಮಾಡ್ಲಿ ಯವ್ವಾ?" ಎಂದು ದಿನಕ್ಕೆ ಹತ್ತು ಸಲ ಕೇಳುವರು, "ನೀವು ಸುಮ್ಮನೆ ಕೂತುಕೊಳ್ಳಿ ಅತ್ತೆ" ಎಂದು ನಾನು ಹತ್ತು ಸಲ ಹೇಳುವೆನು. ಆ ಮಾತು ಅವರನ್ನು ಎಷ್ಟು ನೋಯಿಸುತ್ತಿತ್ತೆಂಬುದು ನನಗೆ ಹೊಳೆದದ್ದು ತಡವಾಗಿ.

ಆಗ ಒದಗಿ ಬಂದದ್ದು ಕುತಾಬು. ಇದು ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿರುವ ಅಜರ್‌ಬೈಜಾನ್ ದೇಶದ ರೊಟ್ಟಿ. ಅದರ ರಾಜಧಾನಿ ಬಾಕು ನಗರಕ್ಕೆ ಪ್ರವಾಸ ಹೋಗಿ ಬಂದ ನೆರೆಮನೆಯ ಹುಡುಗ ಅದನ್ನು ಬಾಯಿತುಂಬ ಹೊಗಳಿದನು. ಕಾಗದದಂತೆ ತೆಳುವಾಗಿ ಲಟ್ಟಿಸಿದ ಹಿಟ್ಟು. ಅರ್ಧಕ್ಕೆ ಹಸಿ ಸೊಪ್ಪು ಹರಡಿ, ಅರ್ಧಚಂದ್ರಾಕಾರಕ್ಕೆ ಮಡಿಚಿ, ಬೋರಲು ಹಾಕಿದ ಬಾಣಲೆಯಂತಹ 'ಸಾಜ್' ಎಂಬ ಕಬ್ಬಿಣದ ಹೆಂಚಿನ ಮೇಲೆ ಸುಡುವರು. ಮಾಂಸ ತುಂಬಿದ್ದೂ ಉಂಟು. ಸೊಪ್ಪಿನದಕ್ಕೆ ಪಾಲಕ್, ಕೊತ್ತಂಬರಿ, ಈರುಳ್ಳಿ ಸೊಪ್ಪು, ಜೊತೆಗೆ ನಮ್ಮ ಸಬ್ಬಸಿಗೆಯೇ! ಅಷ್ಟು ದೂರದ ನಾಡಿನಲ್ಲಿಯೂ ಸಬ್ಬಸಿಗೆಯ ಪರಿಮಳವಿಲ್ಲದೆ ರೊಟ್ಟಿ ರುಚಿಸದೆಂದು ಕೇಳಿ ನನಗೆ ನೆಂಟರು ಸಿಕ್ಕಂತಾಯಿತು.

ನಾಲ್ವರಿಗೆ ಬೇಕಾಗುವ ಸಾಮಾನು: ಗೋಧಿ ಹಿಟ್ಟು ಎರಡು ಬಟ್ಟಲು, ಪಾಲಕ್ ಒಂದು ಕಟ್ಟು, ಸಬ್ಬಸಿಗೆ, ಕೊತ್ತಂಬರಿ, ಈರುಳ್ಳಿ ಸೊಪ್ಪು ಅರ್ಧರ್ಧ ಕಟ್ಟು, ಉಪ್ಪು, ಬೆಣ್ಣೆ ಎರಡು ಚಮಚ, ನಂಚಿಕೊಳ್ಳಲು ಗಟ್ಟಿ ಮೊಸರು.

ಹಿಟ್ಟಿಗೆ ಚಿಟಿಕೆ ಉಪ್ಪು, ಉಗುರುಬೆಚ್ಚನೆಯ ನೀರು ಹಾಕಿ ಚಪಾತಿಗಿಂತ ತುಸು ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿರಿ. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ, ತೇವವೆಲ್ಲ ಆರಿದ ಮೇಲೆ ಸಣ್ಣಗೆ ಹೆಚ್ಚಿರಿ. ನಿಂಬೆಗಾತ್ರದ ಉಂಡೆಯನ್ನು ಆದಷ್ಟು ತೆಳುವಾಗಿ ಲಟ್ಟಿಸಿ, ಅರ್ಧಭಾಗಕ್ಕೆ ಸೊಪ್ಪು ಹರಡಿ, ಅಂಚಿಗೆ ಬೆರಳಗಲ ಜಾಗ ಬಿಟ್ಟು ಮಡಿಚಿ ಒತ್ತಿರಿ. ಕಾದ ಹೆಂಚಿನ ಮೇಲೆ ಎಣ್ಣೆಯಿಲ್ಲದೆ ಎರಡೂ ಮಗ್ಗುಲು ಚುಕ್ಕೆ ಮೂಡುವವರೆಗೆ ಸುಟ್ಟು, ಇಳಿಸಿದೊಡನೆ ಬೆಣ್ಣೆ ಸವರಿರಿ. ಅಲ್ಲಿಯವರು ಮೇಲೆ 'ಸುಮಾಕ್' ಎಂಬ ಹುಳಿಹಣ್ಣಿನ ಕೆಂಪು ಪುಡಿ ಉದುರಿಸುವರು. ನಮಗೆ ನಿಂಬೆರಸವೇ ಸಾಕು.

ಮೊದಲ ದಿನ ನಾನು ಕೆಟ್ಟೆ. ಜಾಣತನದಿಂದ ಸೊಪ್ಪಿಗೆಲ್ಲ ಒಮ್ಮೆಗೇ ಉಪ್ಪು ಬೆರೆಸಿಟ್ಟು ಲಟ್ಟಿಸಲು ಕುಳಿತೆ. ನಾಲ್ಕನೆಯ ರೊಟ್ಟಿಯ ಹೊತ್ತಿಗೆ ಪಾತ್ರೆಯಲ್ಲಿ ಹಸಿರು ನೀರು ನಿಂತು, ರೊಟ್ಟಿ ಹರಿದು ಹೆಂಚಿಗೆ ಅಂಟಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಯವರು ಮೆಲ್ಲನೆ ಅಂದರು: "ಉಪ್ಪು ಬಿದ್ದ ಸೊಪ್ಪು ಅಳತೈತಿ ಯವ್ವಾ. ಮಡಿಚೋ ಹೊತ್ತಿಗೆ ಉದುರಿಸಬೇಕು." ಉಪ್ಪು ಎಲೆಯ ನೀರನ್ನು ಹೊರಗೆಳೆಯುತ್ತದೆಂದು ಶಾಲೆಯಲ್ಲಿ ಓದಿದ್ದೆ, ಕೈಯಲ್ಲಿ ತಿಳಿದಿದ್ದವರು ಅವರು. ಲಟ್ಟಣಿಗೆಯನ್ನು ಅವರ ಕೈಗೆ ಕೊಟ್ಟೆ.

ಅವರು ನಗುತ್ತ ಇನ್ನೊಂದು ಮಾತು ಹೇಳಿದರು: "ಇದು ನಮ್ಮ ಸೊಪ್ಪಿನ ರೊಟ್ಟಿನ ಐತಿ. ನಾವು ಹಿಟ್ಟಿನಾಗ ಕಲಸ್ತೀವಿ, ಅವರು ಮಡಿಚ್ತಾರ." ನಿಜ. ಗೋಧಿಯ ಹಿಟ್ಟಿಗೆ ನಾದಿದಷ್ಟೂ ಜಿಗುಟು ಬರುತ್ತದೆ. ಆದಕಾರಣ ಅದು ಮಡಿಕೆಯನ್ನು ತಾಳುತ್ತದೆ. ಜೋಳಕ್ಕೆ ಆ ಜಿಗುಟಿಲ್ಲ. ಕುದಿನೀರು ಹೊಯ್ದು ಕಲಸಿ ಬಡಿದರೂ ಮಡಿಚಿದಲ್ಲಿ ಬಿರಿಯುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಸೊಪ್ಪನ್ನು ಹಿಟ್ಟಿಗೇ ಬೆರೆಸಿ ತಟ್ಟಿದರು. ಜೋಳದ ರುಚಿ ಬಿಡಲಾರದವರು ಗೋಧಿ ಎರಡು ಪಾಲು, ಜೋಳ ಒಂದು ಪಾಲು ಬೆರೆಸಿ, ತುಸು ದಪ್ಪಗೆ ಲಟ್ಟಿಸಿ ಮಡಿಚಬಹುದು.

ಮರುದಿನ ಅತ್ತೆಯವರು ತಾವೇ ಸಂತೆಗೆ ಹೋಗಿ ಮೆಂತ್ಯ, ರಾಜಗಿರಿ, ಹುಳಿಗೆಂದು ಪುಂಡಿ ತಂದರು. ಪಾಲಕ್ಕನ್ನು ಅರ್ಧಕ್ಕಿಳಿಸಿ ಇವನ್ನು ಸೇರಿಸಿದರೆ ರುಚಿ ಏರುತ್ತದೆ. ಪಾಲಕ್ಕಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಆದ್ದರಿಂದ ಅದೊಂದನ್ನೇ ನಂಬಬಾರದು. ಸೊಪ್ಪಿನೊಡನೆ ನಿಂಬೆರಸವಿದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಚಹ ಕುಡಿದರೆ ಆ ಲಾಭಕ್ಕೆ ಅಡ್ಡಿಯಾಗುತ್ತದೆ. ಒಂದು ಗಂಟೆ ತಾಳಿರಿ.

ಮಗಳು? ಮೊದಲನೆಯದನ್ನು ಅನುಮಾನದಿಂದ ತಿಂದಳು, ಎರಡನೆಯದನ್ನು ಕೇಳಿ ತಿಂದಳು, ಮೂರನೆಯದನ್ನು ಬಿಡಿಸಿ ಸೊಪ್ಪನ್ನು ಅಂಚಿಗಿಟ್ಟಳು. ಇರಲಿ. ಅಜ್ಜಿಯ ಪಕ್ಕದಲ್ಲಿ ಕುಳಿತು ಅಂಚು ಒತ್ತುವ ಕೆಲಸ ಅವಳದಾಯಿತು. ತಾನೇ ಮಡಿಚಿದ್ದನ್ನು ಬಿಡಿಸಲು ಅವಳಿಗೆ ಮನಸ್ಸು ಬರಲಿಲ್ಲ. ಮೂರು ತಿಂಗಳ ಮೇಲೆ, ಮಾತ್ರೆ ಮತ್ತು ರೊಟ್ಟಿ ಎರಡೂ ಸೇರಿ, ಹಿಮೋಗ್ಲೋಬಿನ್ ಹನ್ನೊಂದೂವರೆ ದಾಟಿತು.

ಒಂದು ಸಂಜೆ ಅತ್ತೆಯವರು ಮೊಮ್ಮಗಳಿಗೆ ಹೊಲದ ಸೊಪ್ಪುಗಳ ಹೆಸರು ಹೇಳುತ್ತಿದ್ದರು: ಹಕ್ಕರಿಕೆ, ಅಣ್ಣೆ, ಗೋಳಿ, ಕಿರಕಸಾಲೆ. ಜೋಳದ ಸಾಲಿನ ನಡುವೆ ಕಳೆ ತೆಗೆಯುವಾಗ ಮಡಿಲು ತುಂಬುತ್ತಿದ್ದ ಸೊಪ್ಪುಗಳವು. ಈಗ ಆ ಸೀಮೆಯಲ್ಲಿ ಮೆಕ್ಕೆಜೋಳ ಹಬ್ಬಿದೆ. ಕಳೆಗೆ ಔಷಧಿ ಹೊಡೆಯುವರು. ಹಾಗೆ ಹೊಡೆದ ಹೊಲದ ಎಲೆಯನ್ನು ಬಾಯಿಗಿಡಬಾರದು. "ಹೆಸರು ಹೇಳೋಕೆ ನಾನದೀನಿ, ತೋರಿಸೋಕೆ ಹೊಲ ಇಲ್ಲ" ಎಂದು ಅವರು ಸುಮ್ಮನಾದರು. ಮಗಳು ಹೆಸರುಗಳನ್ನು ತನ್ನ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು.

ಊರಿಗೆ ಹೊರಡುವ ಮುನ್ನ ಅತ್ತೆಯವರು ನಮ್ಮ ಬಚ್ಚಲ ಹಿಂದಿನ ಮೂರು ಮೊಳ ನೆಲದಲ್ಲಿ ಮೆಂತ್ಯ, ಸಬ್ಬಸಿಗೆ ಬಿತ್ತಿ ಹೋದರು. ಸೋದರಿಯರೆ, ನಿಮ್ಮ ಮನೆಯಲ್ಲಿಯೂ ಹಿರಿಯರಿದ್ದರೆ ಅವರನ್ನು "ಸುಮ್ಮನೆ ಕೂತುಕೊಳ್ಳಿ" ಎನ್ನಬೇಡಿರಿ. ಈ ಭಾನುವಾರ ಒಂದು ಕಟ್ಟು ಸೊಪ್ಪು ಮುಂದಿಟ್ಟು, ಉಪ್ಪು ಯಾವಾಗ ಹಾಕಲಿ ಎಂದು ಕೇಳಿ ನೋಡಿರಿ.