ಮೇಲ್ಸೇತುವೆಯ ಕೆಳಗಿನ ನಾಗರಿಕರು

ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆಯು 2020ರ ಜನವರಿ 31ರಂದು ಸಂಚಾರಕ್ಕೆ ತೆರೆದಾಗ ಕಾಮಗಾರಿಗೆ ಸುಮಾರು ಹತ್ತು ವರ್ಷ ತುಂಬಿತ್ತು. ಗಡುವುಗಳು ಬಂದವು, ಹೋದವು. ಸೇತುವೆಯು ನಗೆಹನಿಗಳಿಗೆ ವಸ್ತುವಾಯಿತು. ಆದರೆ ಜನರ ನಗೆಯಿಂದ ಆಡಳಿತ ನಾಚಲಿಲ್ಲ.

ಹೆದ್ದಾರಿಯ ಬಗ್ಗೆ ಅಂಗಡಿಕಟ್ಟೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ನಾವು ಧಾರಾಳವಾಗಿ ಚರ್ಚಿಸುತ್ತೇವೆ. ಕಾನೂನಿಗೆ ಆ ಚರ್ಚೆ ಕೇಳಿಸುವುದಿಲ್ಲ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯು ಭೂಸ್ವಾಧೀನಕ್ಕೆ ಆಕ್ಷೇಪ ಸಲ್ಲಿಸಲು 21 ದಿನಗಳ ಅವಕಾಶ ನೀಡುತ್ತದೆ. ಅದೂ ಆ ಭೂಮಿಯಲ್ಲಿ ಹಿತಾಸಕ್ತಿ ಉಳ್ಳವರಿಗೆ ಮಾತ್ರ. ಭೂಮಿ ಕಳಕೊಳ್ಳುವವನಿಗೆ 21 ದಿನ. ದಿನನಿತ್ಯ ದಾಟುವ ದಾರಿಯನ್ನೇ ಕಳಕೊಳ್ಳುವ ಶಾಲಾ ಬಾಲಕಿಗೆ, ಗಾಲಿಕುರ್ಚಿಯ ವೃದ್ಧರಿಗೆ ಒಂದು ದಿನವೂ ಇಲ್ಲ. ಇದು ಯಾವ ನ್ಯಾಯ?

ಮಾತು ಸಂಘಟಿತವಾದರೆ ಏನಾಗುತ್ತದೆಂಬುದಕ್ಕೆ ಸುರತ್ಕಲ್ ಸಾಕ್ಷಿ. ಒಂದೇ ಹೆದ್ದಾರಿಯ ಎರಡು ಸುಂಕ ಕೇಂದ್ರಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಅಂತರವಿರಬೇಕೆಂದು 2008ರ ನಿಯಮ ಹೇಳುತ್ತದೆ. ಸುರತ್ಕಲ್‌ಗೂ ಹೆಜಮಾಡಿಗೂ ಅದರ ಅರ್ಧದಷ್ಟೂ ದೂರವಿಲ್ಲ. ಆದರೂ ಎರಡೂ ಕಡೆ ವಸೂಲಿ ನಡೆಯಿತು. 2022ರ ಅಕ್ಟೋಬರ್‌ನಲ್ಲಿ ಜಾತಿ, ಧರ್ಮ, ಪಕ್ಷಗಳ ಭೇದವಿಲ್ಲದೆ ಜನರು ಹಗಲು ರಾತ್ರಿ ಧರಣಿ ಕುಳಿತರು. ಡಿಸೆಂಬರ್ 1ರಿಂದ ಸುರತ್ಕಲ್‌ನಲ್ಲಿ ವಸೂಲಿ ನಿಂತಿತು.

ಆದರೆ ಪ್ರತಿಯೊಂದು ಹಕ್ಕಿಗೂ ಬೀದಿಯಲ್ಲಿ ಮಲಗಬೇಕೇ? ನಗರದೊಳಗೆ ಹಾಯುವ ಹೆದ್ದಾರಿಯ ನಕ್ಷೆ ಅಂತಿಮಗೊಳ್ಳುವ ಮುನ್ನ ವಾರ್ಡ್‌ವಾರು ಬಹಿರಂಗ ವಿಚಾರಣೆ ಕಡ್ಡಾಯವಾಗಲಿ. ಅಂಡರ್‌ಪಾಸ್, ಸರ್ವಿಸ್ ರಸ್ತೆ, ಮಳೆನೀರಿನ ಚರಂಡಿ ಎಲ್ಲಿ ಬೇಕೆಂದು ಅಲ್ಲಿ ಬದುಕುವವರೇ ಹೇಳಲಿ. ಕಾಂಕ್ರೀಟ್ ಗಟ್ಟಿಯಾದ ಬಳಿಕ ಸಲ್ಲಿಸುವ ಮನವಿಪತ್ರಕ್ಕೆ ಕಡತದಲ್ಲಿ ಮಾತ್ರ ಜಾಗ ಸಿಗುತ್ತದೆ.