ಧೂಮಪಾನ ವಿರೋಧಿ ಜಾಹೀರಾತು: ‘ಸ್ಪಂಜು’ ಕಿರುಚಿತ್ರದ ಒಂದು ವಿಶ್ಲೇಷಣೆ

ತಂಬಾಕು ಸೇವನೆಯ ದೃಶ್ಯಗಳಿರುವ ಚಲನಚಿತ್ರಗಳ ಆರಂಭದಲ್ಲಿ ಹಾಗೂ ಮಧ್ಯಂತರದಲ್ಲಿ ಕನಿಷ್ಠ 30 ಸೆಕೆಂಡುಗಳ ಆರೋಗ್ಯ ಸಂದೇಶವನ್ನು ಪ್ರದರ್ಶಿಸುವುದು ಕಡ್ಡಾಯವಾಗಿದೆ. 2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಅಧಿನಿಯಮದ ಅಡಿಯಲ್ಲಿ ಕೇಂದ್ರ ಸರ್ಕಾರವು ರೂಪಿಸಿದ ಈ ನಿಯಮವು ಈಗಿನ ಸ್ವರೂಪದಲ್ಲಿ 2012ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತು. ಅದರ ಆರಂಭದ ಅವಧಿಯಲ್ಲಿ ಚಿತ್ರಮಂದಿರಗಳಲ್ಲಿ ಪ್ರದರ್ಶಿಸಲಾದ ಕಿರುಚಿತ್ರಗಳ ಪೈಕಿ ‘ಸ್ಪಂಜು’ ಒಂದು. ಇದರ ಮೂಲ ಕಲ್ಪನೆ 1970ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡಿದ್ದು, ಅನಂತರ ಭಾರತೀಯ ಭಾಷೆಗಳಿಗೆ ಅಳವಡಿಸಲ್ಪಟ್ಟಿತು.

ಶ್ವಾಸಕೋಶವು ಗಾಳಿಯನ್ನು ಹೀರಿಕೊಳ್ಳಲೆಂದು ಇರುವ ಸ್ಪಂಜಿನಂತೆ ಎಂದು ನಿರೂಪಕರ ಧ್ವನಿಯು ಉದ್ವೇಗವಿಲ್ಲದೆ ತಿಳಿಸುತ್ತದೆ. ಅನಂತರ ಕೈಯೊಂದು ಸ್ಪಂಜನ್ನು ಹಿಂಡುತ್ತದೆ. ಗಾಜಿನ ಪಾತ್ರೆಗೆ ಕಪ್ಪು ಟಾರ್ ಸುರಿಯುತ್ತದೆ. ಧೂಮಪಾನದಲ್ಲಿ ಕಣ್ಣಿಗೆ ಕಾಣುವುದು ಹೊರಬಿಟ್ಟ ಹೊಗೆ ಮಾತ್ರ, ಅದೂ ಕ್ಷಣದಲ್ಲಿ ಚದುರಿಹೋಗುತ್ತದೆ. ಒಳಗೆ ಉಳಿಯುವುದು ಕಾಣದು. ಕಾಣದಿರುವುದಕ್ಕೆ ಈ ಪಾತ್ರೆ ಒಂದು ಅಳತೆಯನ್ನು ಕೊಡುತ್ತದೆ. ಅಂಕಿಅಂಶ ಓದಲಾರದವರಿಗೂ ಪಾತ್ರೆ ತುಂಬುವುದು ಅರ್ಥವಾಗುತ್ತದೆ. ಪಾತ್ರೆ ತಿಕ್ಕುವ ಸ್ಪಂಜಿನಿಂದ ಕೊಳೆನೀರು ಹಿಂಡಿದವರಿಗೆ ಭಯಕ್ಕಿಂತ ಮೊದಲು ಹೇಸಿಗೆ ಉಂಟಾಗುತ್ತದೆ. ಜಾಹೀರಾತಿನ ನಿಜವಾದ ಬಲ ಅಲ್ಲಿದೆ.

ಆದರೆ ಈ ಉಪಮೆಗೆ ಮಿತಿಯೂ ಇದೆ. ಸ್ಪಂಜನ್ನು ಹಿಂಡಿ ಶುಚಿಗೊಳಿಸಬಹುದು, ಶ್ವಾಸಕೋಶವನ್ನು ಹಾಗೆ ಹಿಂಡಲಾಗದು. ಇಪ್ಪತ್ತು ವರ್ಷ ಬೀಡಿ ಸೇದಿದ ವ್ಯಕ್ತಿಯೊಬ್ಬರು ಆ ಪಾತ್ರೆಯನ್ನು ನೋಡಿ, ಆಗಬೇಕಾದದ್ದು ಆಗಿಹೋಯಿತು, ಇನ್ನು ಬಿಟ್ಟು ಪ್ರಯೋಜನವೇನು ಎಂದು ಭಾವಿಸುವ ಸಾಧ್ಯತೆಯಿದೆ. ಈ ಭಾವನೆ ತಪ್ಪು. ಧೂಮಪಾನ ತ್ಯಜಿಸಿದ ಒಂದು ವರ್ಷದೊಳಗೆ ಹೃದಯದ ರಕ್ತನಾಳಗಳ ಕಾಯಿಲೆಯ ಅಪಾಯವು ಸೇದುವುದನ್ನು ಮುಂದುವರಿಸಿದವರಿಗಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಅಷ್ಟು ಮುಖ್ಯವಾದ ಈ ಮಾತಿಗೆ ಕಿರುಚಿತ್ರದಲ್ಲಿ ಸ್ಥಳ ದೊರೆತಿಲ್ಲ.

ಇನ್ನೊಂದು ಕೊರತೆ ನಮ್ಮ ದೇಶಕ್ಕೆ ವಿಶೇಷವಾದುದು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 10.7ರಷ್ಟು ಜನರು ಧೂಮಪಾನ ಮಾಡುತ್ತಿದ್ದರೆ, ಶೇ. 21.4ರಷ್ಟು ಜನರು ಹೊಗೆರಹಿತ ತಂಬಾಕನ್ನು ಬಳಸುತ್ತಿದ್ದರು. ಎಲೆಅಡಿಕೆಯೊಡನೆ ಹೊಗೆಸೊಪ್ಪು ಜಗಿಯುವವರಿಗೆ ಶ್ವಾಸಕೋಶದ ಚಿತ್ರವು ತಮಗೆ ಸಂಬಂಧಿಸಿದ್ದೆನಿಸದು. ಇದೇ ಅವಧಿಯಲ್ಲಿ ಪ್ರದರ್ಶಿತವಾದ, ಗುಟ್ಕಾದಿಂದ ಬಾಯಿಯ ಕ್ಯಾನ್ಸರ್‌ಗೆ ತುತ್ತಾದ ಯುವಕನ ಕಿರುಚಿತ್ರವು ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿತು. (ಈ ಎರಡೂ ಕಿರುಚಿತ್ರಗಳ ಧ್ವನಿಯನ್ನು ಅನುಕರಿಸಿ ನಗುವವರಿದ್ದಾರೆ, ಆದರೂ ಮಾತುಗಳು ಬಾಯಿಪಾಠವಾಗಿರುವುದು ಸಣ್ಣ ಸಂಗತಿಯಲ್ಲ.)

ಹೇಸಿಗೆಯು ನೋಡುಗರನ್ನು ನಿರ್ಧಾರದವರೆಗೆ ಕರೆತರಬಲ್ಲದು. ಅನಂತರ ನಿಕೋಟಿನ್ ಚಟದೊಡನೆ ಹೋರಾಡಲು ಬೇರೆ ನೆರವು ಬೇಕಾಗುತ್ತದೆ. 2018ರ ಸೆಪ್ಟೆಂಬರ್ 1ರಿಂದ ತಂಬಾಕು ಪೊಟ್ಟಣಗಳ ಮೇಲಿನ ಸಚಿತ್ರ ಎಚ್ಚರಿಕೆಯೊಂದಿಗೆ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿಯ ಶುಲ್ಕರಹಿತ ಸಂಖ್ಯೆ 1800-11-2356 ಅನ್ನು ಮುದ್ರಿಸುವುದನ್ನು ಕಡ್ಡಾಯಗೊಳಿಸಿದ್ದು ಈ ದೃಷ್ಟಿಯಿಂದ ಮಹತ್ವದ ಹೆಜ್ಜೆ. ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಸಹಾಯವಾಣಿ ಕೇಂದ್ರ ಆರಂಭವಾಗಿದ್ದು, ಕನ್ನಡದಲ್ಲಿ ಆಪ್ತ ಸಲಹೆ ಪಡೆಯಲು ಅವಕಾಶ ಕಲ್ಪಿಸಲಾಯಿತು. ಸೇದುವವರು ಮಾತ್ರವಲ್ಲದೆ ಜಗಿಯುವವರೂ ಈ ಸಂಖ್ಯೆಗೆ ಕರೆ ಮಾಡಬಹುದಾಗಿದೆ.